200 ರೂಪಾಯಿ ಟಿಕೆಟ್ ವಿಚಾರ: ನಾನು ಸರಿಯೋ, ನನ್ನ ತಮ್ಮ ಸರಿಯೋ?

ಮೂರನೇ ಸಾಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸಿನಿಮಾ ಟಿಕೆಟ್ ಬೆಲೆಗೆ ಸರ್ಕಾರ ಮಿತಿ ಹಾಕಬೇಕಾ ಬೇಡವಾ ಅಂತ ಹೋದ ದೀಪಾವಳಿಯಿಂದ ನಮ್ಮ ಮನೆಯಲ್ಲಿ ಒಂದೇ ವಾದ ನಡೀತಾ ಇದೆ. ನಾನು, ನನ್ನ ತಮ್ಮ ಇಬ್ಬರೂ ಬಿಟ್ಟುಕೊಡುತ್ತಿಲ್ಲ. ಗೊತ್ತಿರುವವರು ಹೇಳಿ.

2025ರ ಅಕ್ಟೋಬರ್ ಮೊದಲ ಭಾನುವಾರ ನಾವು ಐದು ಜನ ‘ಕಾಂತಾರ ಚಾಪ್ಟರ್ 1’ ನೋಡಲು ಬೆಂಗಳೂರಿನ ಒಂದು ಮಾಲ್‌ಗೆ ಹೋದೆವು. ನಾನು, ನಮ್ಮನೆಯವರು, ಇಬ್ಬರು ಮಕ್ಕಳು, ಅತ್ತೆ. ಅತ್ತೆಗೆ ಎಪ್ಪತ್ತೆರಡು ವರ್ಷ, ಕುಂದಾಪುರದ ಕಡೆಯವರು. ದೈವದ ಕಥೆ ಅಂತ ಒಂದು ವಾರದಿಂದ ಕಾಯುತ್ತಿದ್ದರು. ಟಿಕೆಟ್ ಒಂದಕ್ಕೆ 480 ರೂಪಾಯಿ. ಐದಕ್ಕೆ 2,400. ಫೋನಿನಲ್ಲಿ ಬುಕ್ ಮಾಡಿದ್ದಕ್ಕೆ ಬೇರೆ ದುಡ್ಡು. ಇಂಟರ್ವಲ್‌ನಲ್ಲಿ ಎರಡು ಪಾಪ್‌ಕಾರ್ನ್, ಅತ್ತೆಗೆ ಒಂದು ಕಾಫಿ, ನೀರಿನ ಬಾಟಲಿ. ಅಲ್ಲಿಗೆ ಸಾವಿರ ದಾಟಿತು. ಪಾರ್ಕಿಂಗ್ ಸೇರಿ 3,800ಕ್ಕೂ ಜಾಸ್ತಿ ಆಯಿತು. ನಮ್ಮ ಮನೆಗೆ ಹದಿನೈದು ದಿನದ ದಿನಸಿ ಬರುವ ದುಡ್ಡು ಅದು.

ಸಿನಿಮಾ ಅತ್ತೆಗೆ ತುಂಬಾ ಹಿಡಿಸಿತು. ಕೊನೆಯಲ್ಲಿ ಕೈ ಮುಗಿದುಕೊಂಡು ಕೂತಿದ್ದರು. ಮನೆಗೆ ಬಂದ ಮೇಲೆ ಎಷ್ಟಾಯ್ತು ಅಂತ ಕೇಳಿದರು. ನಾನು ಸುಳ್ಳು ಹೇಳಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇನ್ನು ಮೇಲೆ ನನ್ನನ್ನು ಕರೀಬೇಡ. ಟೀವಿಗೆ ಬಂದಾಗ ನೋಡ್ತೀನಿ” ಅಂದರು. ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ.

ನಮ್ಮ ರಾಜ್ಯ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿದ್ದು ಸರಿಯಾಗಿಯೇ ಇತ್ತು, ಕೋರ್ಟಿನಲ್ಲಿ ಅದಕ್ಕೆ ತಡೆ ಬಿದ್ದಿದ್ದು ನಮ್ಮಂಥವರಿಗೆ ನಷ್ಟ ಅನ್ನೋದು ನನ್ನ ವಾದ. ತಮ್ಮ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನು ಹೇಳೋದು ಬೇರೆ. “ಅಕ್ಕಾ, ಹಬ್ಬಕ್ಕೆ ಊರಿಗೆ ಹೋಗೋ ಪ್ರೈವೇಟ್ ಬಸ್ ರೇಟು ಏರಲ್ವಾ? ಇದೂ ಹಾಗೇ. ಮೊದಲ ಭಾನುವಾರವೇ ನೋಡಬೇಕು ಅಂದವರು ನೀವು. ಕಾದಿದ್ದರೆ ಕಡಿಮೆಗೆ ನೋಡಬಹುದಿತ್ತು. ಬೆಲೆಗೆ ಕಟ್ಟು ಹಾಕಿದರೆ ಥಿಯೇಟರ್‌ಗಳೇ ಮುಚ್ಚುತ್ತವೆ.” ನಾನು ಕೇಳಿದೆ, ನಮ್ಮೂರ ಕಡೆ ಟಾಕೀಸುಗಳಲ್ಲಿ ಎಂದೂ ಇನ್ನೂರು ರೂಪಾಯಿ ಇರಲಿಲ್ಲ, ಅವು ಯಾಕೆ ಮುಚ್ಚಿದವು? “ಮೊಬೈಲ್‌ನಿಂದ” ಅಂದ. ಅಷ್ಟೇನಾ?

ಆ 480ರಲ್ಲಿ ಯಾರಿಗೆ ಎಷ್ಟು ಹೋಗುತ್ತದೆ, ಮಿತಿ ಹಾಕಿದರೆ ನಿಜವಾಗಿ ಏನಾಗುತ್ತದೆ, ತಿಳಿದವರು ಬಿಡಿಸಿ ಹೇಳಿ ಪ್ಲೀಸ್.

---

ಲೆಕ್ಕದ ಪುಸ್ತಕ ಉತ್ತರ:

ಮೇಡಂ, ನಾನು ಟ್ಯಾಕ್ಸ್ ಕೆಲಸ ಮಾಡುವವನು. ದುಡ್ಡಿನ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ.

ನೂರು ರೂಪಾಯಿಗಿಂತ ಜಾಸ್ತಿ ಇರುವ ಟಿಕೆಟ್‌ಗೆ ಜಿಎಸ್‌ಟಿ ಶೇ. 18. ನೀವು ಕೊಟ್ಟ 480ರಲ್ಲಿ ತೆರಿಗೆ 73 ರೂಪಾಯಿ ಚಿಲ್ಲರೆ. ಉಳಿದದ್ದು 407. ಅದರಲ್ಲಿ ಮೊದಲ ವಾರ ಸುಮಾರು ಅರ್ಧ ವಿತರಕರಿಗೆ, ಅವರ ಮೂಲಕ ನಿರ್ಮಾಪಕರಿಗೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಹಿಂದಿ ಚಿತ್ರಗಳಿಗೆ 2009ರಲ್ಲಿ ದೊಡ್ಡ ಜಗಳವಾಗಿ, ನಿರ್ಮಾಪಕರು ಎರಡು ತಿಂಗಳು ಮಲ್ಟಿಪ್ಲೆಕ್ಸ್‌ಗೆ ಸಿನಿಮಾ ಕೊಡದೆ ಕೂತು, ಆಮೇಲೆ ಒಂದು ಒಪ್ಪಂದವಾಯಿತು. ನಿರ್ಮಾಪಕರ ಕಡೆಗೆ ಮೊದಲ ವಾರ ಶೇ. 50, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30. ವಾರ ಕಳೆದ ಹಾಗೆ ನಿರ್ಮಾಪಕರ ಪಾಲು ಇಳಿಯುತ್ತದೆ. ಇದನ್ನು ಮನಸ್ಸಿನಲ್ಲಿಡಿ.

ಇನ್ನು ಕೋರ್ಟಿನ ವಿಷಯ. 200 ರೂಪಾಯಿ ಮಿತಿ ಹೊಸದೇನೂ ಅಲ್ಲ. 2017ರ ಬಜೆಟ್‌ನಲ್ಲೇ ಹೇಳಿದ್ದರು, ಆಗ ಅದು ಉಳಿಯಲಿಲ್ಲ. 2025ರ ಮಾರ್ಚ್ ಬಜೆಟ್‌ನಲ್ಲಿ ಮತ್ತೆ ಹೇಳಿ, ಸೆಪ್ಟೆಂಬರ್ 12ಕ್ಕೆ ನಿಯಮ ಹೊರಡಿಸಿದರು. ಸೆಪ್ಟೆಂಬರ್ 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಸರ್ಕಾರ ಮೇಲ್ಮನವಿ ಹೋದಾಗ ದ್ವಿಸದಸ್ಯ ಪೀಠ, ಮುಂದೆ ಸರ್ಕಾರ ಗೆದ್ದರೆ ಜನರಿಗೆ ವಾಪಸ್ ಕೊಡಲು ಆಗುವ ಹಾಗೆ ಟಿಕೆಟ್ ಲೆಕ್ಕ ಇಡಿ ಅಂತ ಮಲ್ಟಿಪ್ಲೆಕ್ಸ್‌ಗಳಿಗೆ ಹೇಳಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೂ ತಡೆ ಕೊಟ್ಟಿತು. ಅದೇ ವಿಚಾರಣೆಯಲ್ಲಿ ನ್ಯಾಯಮೂರ್ತಿಗಳು ನೀರಿಗೆ 100, ಕಾಫಿಗೆ 700 ತೆಗೆದುಕೊಂಡರೆ ಹಾಲ್‌ಗಳು ಖಾಲಿಯಾಗುತ್ತವೆ ಅನ್ನುವ ಅರ್ಥದ ಮಾತನ್ನೂ ಹೇಳಿದರು.

ಇನ್ನೂ ಎರಡು ವಿಷಯ ಜನರಿಗೆ ಗೊತ್ತಿಲ್ಲ. ಆ 200 ತೆರಿಗೆ ಬಿಟ್ಟು ಇದ್ದದ್ದು. ಸೇರಿಸಿದರೆ 236. ಮತ್ತೆ, 75 ಅಥವಾ ಅದಕ್ಕಿಂತ ಕಡಿಮೆ ಸೀಟಿರುವ ಪ್ರೀಮಿಯಂ ಪರದೆಗಳಿಗೆ ಮಿತಿಯೇ ಇರಲಿಲ್ಲ.

ನನ್ನ ಅಭಿಪ್ರಾಯ ನಿಮ್ಮ ತಮ್ಮನ ಕಡೆಗೇ ವಾಲುತ್ತದೆ. ಟಿಕೆಟ್ ಇಳಿಸಿದರೆ ಪಾಪ್‌ಕಾರ್ನ್ ಏರುತ್ತದೆ. ಹೊರಗಿನ ತಿಂಡಿ ತರಬಾರದು ಅನ್ನುವ ಹಕ್ಕು ಥಿಯೇಟರ್‌ಗೆ ಇದೆ ಅಂತ 2023ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಕುಡಿಯುವ ನೀರು ಮಾತ್ರ ಪುಕ್ಕಟೆ ಕೊಡಬೇಕು. ಮುಂದಿನ ಸಲ ನೀರಿನ ಬಾಟಲಿ ಕೊಳ್ಳಬೇಡಿ, ಕೇಳಿ ಕುಡಿಯಿರಿ.

---

ಕ್ಯಾಬಿನ್ ಕಿಟಕಿ ಉತ್ತರ:

ತಂಗಿ, ನಿಮ್ಮ ಅತ್ತೆಯವರ ಮಾತು ಓದಿ ಸಂಕಟವಾಯಿತು. ಅಂಥ ನೋಡುಗರಿಗಾಗಿಯೇ ನಾನು ಇಪ್ಪತ್ತೆಂಟು ವರ್ಷ ಟಾಕೀಸಿನ ಪ್ರೊಜೆಕ್ಟರ್ ಕ್ಯಾಬಿನ್‌ನಲ್ಲಿ ನಿಂತವನು. ಲೆಕ್ಕದವರು ಹೇಳಿದ್ದೆಲ್ಲ ಸರಿ. ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ. ಊರಿನ ಟಾಕೀಸು ಯಾಕೆ ಮುಚ್ಚಿತು? ನಾನು ಕಂಡದ್ದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು.

1986ರಲ್ಲಿ ಅರಸೀಕೆರೆ ಕಡೆಯ ಒಂದು ಟಾಕೀಸಿಗೆ ಸೇರಿದೆ. ಮೊದಲು ರೀಲು ಸುತ್ತುವ ಹುಡುಗ, ಆಮೇಲೆ ಆಪರೇಟರ್. ಸಿನಿಮಾ ತೋರಿಸುವ ಎರಡು ಫೋಟೋಫೋನ್ ಮೆಷಿನ್ ಇದ್ದವು. ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡುತ್ತಿದ್ದೆವು. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷ ಓಡುತ್ತದೆ. ಎರಡೆರಡು ಸೇರಿಸಿ ಸುತ್ತಿಕೊಳ್ಳುತ್ತಿದ್ದೆವು. ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಮೆಷಿನ್‌ನಿಂದ ಇನ್ನೊಂದಕ್ಕೆ ಬದಲಾಯಿಸಬೇಕು. ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚುತ್ತದೆ. ಕಂಡ ಕೂಡಲೇ ಎರಡನೇ ಮೆಷಿನ್‌ನ ಮೋಟರ್ ಹಾಕಬೇಕು. ಏಳು ಸೆಕೆಂಡ್ ಬಿಟ್ಟು ಇನ್ನೊಂದು ಚುಕ್ಕಿ. ಆಗ ಬೆಳಕು ದಾಟಿಸಬೇಕು. ಸರಿಯಾಗಿ ಮಾಡಿದರೆ ಯಾರಿಗೂ ಗೊತ್ತಾಗದು. ಒಂದು ಗಳಿಗೆ ತಡವಾದರೆ ಮುಂದಿನ ಸಾಲುಗಳ ಗಾಂಧಿ ಕ್ಲಾಸಿನಿಂದ ಶಿಳ್ಳೆ ಬೀಳುತ್ತಿತ್ತು.

ಇದೆಲ್ಲ ಯಾಕೆ ಹೇಳಿದೆ ಅಂದರೆ, ಸಿನಿಮಾ ಆಗ ಹೊತ್ತು ತರುವ ಸಾಮಾನು. ಗಾಂಧಿನಗರದ ಡಿಸ್ಟ್ರಿಬ್ಯೂಟರ್ ಆಫೀಸಿನಿಂದ ರೀಲಿನ ಪೆಟ್ಟಿಗೆ ರೈಲಿನಲ್ಲಿ ಬರಬೇಕು. ಜೊತೆಗೆ ಅವರ ರೆಪ್ರೆಸೆಂಟೇಟಿವ್ ಬಂದು ದಿನಾ ಕಲೆಕ್ಷನ್ ಬರೆದುಕೊಳ್ಳುತ್ತಿದ್ದ. ಪ್ರಿಂಟ್ ಅಂದರೆ ಸಿನಿಮಾ ರೀಲುಗಳ ಒಂದು ಪ್ರತಿ, ಅದನ್ನು ತೆಗೆಸುವುದು ದುಬಾರಿ. ಕೊನೆ ಕೊನೆಗೆ ಒಂದಕ್ಕೆ ಐವತ್ತು ಅರವತ್ತು ಸಾವಿರ ಅಂತಿದ್ದರು. ಹಾಗಾಗಿ ಇರುವ ಪ್ರಿಂಟುಗಳೇ ಊರೂರು ತಿರುಗಬೇಕಿತ್ತು. ಮೊದಲು ಬೆಂಗಳೂರು, ಮೈಸೂರು, ಹುಬ್ಬಳ್ಳಿ. ಆಮೇಲೆ ಹಾಸನ, ತುಮಕೂರು. ಅದಾದ ಮೇಲೆ ನಾವು. ನಮ್ಮ ನಂತರ ಜಾತ್ರೆಯ ಟೂರಿಂಗ್ ಟಾಕೀಸು. ನಮ್ಮ ಕೈಗೆ ಬರುವ ಹೊತ್ತಿಗೆ ಮೂರು ನಾಲ್ಕು ತಿಂಗಳು ಕಳೆದಿರುತ್ತಿತ್ತು. ಪ್ರಿಂಟ್ ಮೇಲೆಲ್ಲ ಗೀರು. ಪರದೆಯ ಮೇಲೆ ಮಳೆ ಸುರಿದ ಹಾಗೆ ಕಾಣುತ್ತಿತ್ತು. ಜನ ಹಾಗೇ ನೋಡುತ್ತಿದ್ದರು, ಕಣ್ಣೀರು ಹಾಕುತ್ತಿದ್ದರು.

ಈಗ ನಿಮ್ಮ ತಮ್ಮನ ಮಾತಿಗೆ ಬರುತ್ತೇನೆ. ಕಾದರೆ ಕಡಿಮೆಗೆ ಸಿಗುತ್ತದೆ ಅಂದರಲ್ಲ, ಅದು ಆ ಕಾಲದಲ್ಲಿ ನೂರಕ್ಕೆ ನೂರು ನಿಜ. ಅದೇ ಸಿನಿಮಾಗೆ ಮೆಜೆಸ್ಟಿಕ್‌ನಲ್ಲಿ ಒಂದು ರೇಟು, ಹಾಸನದಲ್ಲಿ ಇನ್ನೊಂದು, ನಮ್ಮಲ್ಲಿ ಇನ್ನೂ ಕಮ್ಮಿ, ಟೆಂಟಿನಲ್ಲಿ ಎಲ್ಲಕ್ಕಿಂತ ಕಮ್ಮಿ. ಆತುರ ಇದ್ದವನು ಜಾಸ್ತಿ ಕೊಟ್ಟ. ತಾಳ್ಮೆ ಇದ್ದವನು ಕಮ್ಮಿ ಕೊಟ್ಟ. ಆದರೆ ಇಬ್ಬರೂ ನೋಡಿದ್ದು ಪರದೆಯ ಮೇಲೆ, ಜನರ ಮಧ್ಯೆ ಕೂತು. ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುತ್ತಿತ್ತು ಸಿನಿಮಾ. ಇವತ್ತು ಕಾದರೆ ಏನು ಸಿಗುತ್ತದೆ? ಫೋನು. ನಡುವಿನ ಮೆಟ್ಟಿಲೇ ಇಲ್ಲ. ನಿಮ್ಮ ಅತ್ತೆ ಹೇಳಿದ್ದೂ ಅದನ್ನೇ ಅಲ್ವಾ? ಒಂದೋ 480, ಇಲ್ಲಾ ಟೀವಿ.

ಆ ಮೆಟ್ಟಿಲು ಹೋದದ್ದು ಹೇಗೆ ಅಂದರೆ, ಡಿಜಿಟಲ್‌ನಿಂದ. ನಮ್ಮಲ್ಲಿ 2010ರಲ್ಲಿ ಬಂತು. ಮಹಡಿ ಮೇಲೆ ಒಂದು ಡಿಶ್, ಕ್ಯಾಬಿನ್‌ನಲ್ಲಿ ಒಂದು ಪೆಟ್ಟಿಗೆ. ಸಿನಿಮಾ ಸ್ಯಾಟಲೈಟ್‌ನಿಂದ ಇಳಿಯುತ್ತಿತ್ತು, ಅದರ ಬೀಗ ತೆಗೆಯುವ ನಂಬರ್ ಬಂದರೆ ಶೋ. ಫೋಟೋಫೋನ್ ಮೆಷಿನ್ ಎರಡನ್ನೂ ಗುಜರಿಯವನು ಕೆಜಿ ಲೆಕ್ಕದಲ್ಲಿ ತೂಗಿ ಒಯ್ದ. ಅವತ್ತು ನಾನು ಊಟ ಮಾಡಲಿಲ್ಲ. ಆದರೂ ಹೇಳಬೇಕು, ಚಿತ್ರ ಗಾಜಿನಷ್ಟು ಸ್ವಚ್ಛವಾಗಿತ್ತು. ಬೆಂಗಳೂರಿನ ದಿನವೇ ನಮ್ಮ ಊರಲ್ಲೂ ಹೊಸ ಸಿನಿಮಾ! ಮೊದಲ ವರ್ಷ ಬಾಲ್ಕನಿ ತುಂಬಿತು. ನಾವೆಲ್ಲ ಕುಣಿದಾಡಿದೆವು.

ಎರಡನೇ ವರ್ಷದಿಂದ ಗೊತ್ತಾಯಿತು. ಪ್ರಿಂಟಿನ ಖರ್ಚಿಲ್ಲ ಅಂದ ಮೇಲೆ ರಾಜ್ಯದ ಎಲ್ಲ ಕಡೆ ಒಂದೇ ಶುಕ್ರವಾರ ಹಾಕುತ್ತಾರೆ. ನೋಡುವವರೆಲ್ಲ ಮೂರು ದಿನದಲ್ಲಿ ನೋಡಿ ಮುಗಿಸುತ್ತಾರೆ. ಸೋಮವಾರ ಮ್ಯಾಟಿನಿಗೆ ಹನ್ನೆರಡು ಜನ. ಮುಂದಿನ ಶುಕ್ರವಾರ ಆ ಸಿನಿಮಾ ಹಳೆಯದು. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ ಮಲ್ಟಿಪ್ಲೆಕ್ಸ್‌ನಲ್ಲೇ ಒಂದು ವರ್ಷ ದಾಟಿತು. ಇವತ್ತು ನಾಲ್ಕನೇ ವಾರ ಅಂದರೆ ದೊಡ್ಡ ಮಾತು.

ಈಗ ಲೆಕ್ಕದವರು ಕೊಟ್ಟ ನಂಬರ್ ನೋಡಿ. ಮೊದಲ ವಾರ 50, ಆಮೇಲೆ ಇಳೀತಾ ಬರುತ್ತದೆ. ದುಡ್ಡೆಲ್ಲ ಮೊದಲ ಮೂರು ದಿನದಲ್ಲೇ ಬರಬೇಕು ಅಂದ ಮೇಲೆ, ಆ ಮೂರು ದಿನ ರೇಟು 480 ಆಗದೆ ಇನ್ನೇನಾಗುತ್ತದೆ? ಬೆಲೆ ಏರಿದ್ದು ಕೊನೆಗೆ. ದಿನಗಳು ಕಮ್ಮಿಯಾಗಿದ್ದು ಮೊದಲು. ಎಲ್ಲರೂ ಬೆಲೆಯ ಬಗ್ಗೆ ಜಗಳ ಆಡುತ್ತಾರೆ, ದಿನಗಳ ಬಗ್ಗೆ ಯಾರೂ ಮಾತಾಡುವುದಿಲ್ಲ.

ನೀವು ನೋಡಿದ ಸಿನಿಮಾವನ್ನೇ ತೆಗೆದುಕೊಳ್ಳಿ. ಅಕ್ಟೋಬರ್ 2ಕ್ಕೆ ಥಿಯೇಟರ್‌ಗೆ ಬಂತು. ಅಕ್ಟೋಬರ್ 31ಕ್ಕೆ ಪ್ರೈಮ್ ವಿಡಿಯೋದಲ್ಲಿ ಕನ್ನಡದಲ್ಲಿ ಬಂತು. ಹಿಂದಿಯದ್ದು ಮಾತ್ರ ಎಂಟು ವಾರ ಬಿಟ್ಟು ಬಂತು. ಯಾಕೆ? ಎಂಟು ವಾರ ಬಿಡದಿದ್ದರೆ ಹಿಂದಿ ಸಿನಿಮಾ ಹಾಕುವುದಿಲ್ಲ ಅಂತ ದೊಡ್ಡ ಮಲ್ಟಿಪ್ಲೆಕ್ಸ್‌ನವರು ಪಟ್ಟು ಹಿಡಿದಿದ್ದಾರೆ. ನಮ್ಮ ಸಿನಿಮಾ, ನಮ್ಮ ಭಾಷೆ, ನಮಗೆ ನಾಲ್ಕೇ ವಾರ. ಕನ್ನಡಕ್ಕೂ ಎಂಟು ವಾರ ಇರಲಿ. ಮೂರನೇ ವಾರದಿಂದ ಊರಿನ ಸಿಂಗಲ್ ಸ್ಕ್ರೀನ್‌ಗಳಿಗೆ ಕಮ್ಮಿ ದುಡ್ಡಿಗೆ ಕೊಡಲಿ, ಅವರು ಅರವತ್ತು ಎಪ್ಪತ್ತು ರೂಪಾಯಿಗೆ ತೋರಿಸಲಿ. ಟಿಕೆಟ್ ನೂರರ ಒಳಗಿದ್ದರೆ ಈಗ ಜಿಎಸ್‌ಟಿ ಶೇ. 5 ಮಾತ್ರ. ಆ 200ರ ಮಿತಿ ನಮ್ಮಂಥ ಟಾಕೀಸಿಗೆ ತಾಗುವುದೇ ಇಲ್ಲ. ನಮ್ಮದು ಮುಚ್ಚಿದ ದಿನ ಬಾಲ್ಕನಿ 80 ರೂಪಾಯಿ ಇತ್ತು. ಈಗ ಅದು ಕಲ್ಯಾಣ ಮಂಟಪ.

---

ಲೆಕ್ಕದ ಪುಸ್ತಕ ಉತ್ತರ:

ಸರ್, ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ಚುಕ್ಕಿಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಆದರೆ ಒಂದು ಮಾತು ಒಪ್ಪಲಾರೆ. ಆ ಮೆಟ್ಟಿಲನ್ನು ಡಿಜಿಟಲ್ ಒಂದೇ ಮುರಿಯಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ, 2003ರ ಸುಮಾರಿಗೆ, ಬಸ್ ಸ್ಟ್ಯಾಂಡ್ ಹತ್ತಿರ ಮೂವತ್ತು ರೂಪಾಯಿಗೆ ಕಳ್ಳ ಸಿಡಿ ಸಿಗುತ್ತಿತ್ತು. ಪ್ರಿಂಟ್ ಊರಿಗೆ ಬರುವ ಮೊದಲೇ ಸಿಡಿ ಬರುತ್ತಿತ್ತು. ಎಲ್ಲ ಕಡೆ ಒಂದೇ ದಿನ ಬಿಡುಗಡೆ ಮಾಡಲು ಅದೂ ಒಂದು ಕಾರಣ. ಎಂಟು ವಾರ ತಡೆದರೆ ಕಳ್ಳರಿಗೆ ಎಂಟು ವಾರ ಸಿಕ್ಕ ಹಾಗೆ. ಮತ್ತೆ, ಸಣ್ಣ ನಿರ್ಮಾಪಕ ಸಾಲ ಮಾಡಿ ಸಿನಿಮಾ ಮಾಡಿರುತ್ತಾನೆ. ಬಡ್ಡಿ ಓಡುತ್ತಿರುತ್ತದೆ. ಒಟಿಟಿ ದುಡ್ಡು ಬೇಗ ಬಂದರೆ ಅವನು ಉಳಿಯುತ್ತಾನೆ.

---

ಕ್ಯಾಬಿನ್ ಕಿಟಕಿ ಉತ್ತರ:

ಸಿಡಿ ವಿಷಯ ನಿಜ. ನಮ್ಮ ಟಾಕೀಸಿನ ಎದುರಿನ ಅಂಗಡಿಯಲ್ಲೇ ಮಾರುತ್ತಿದ್ದರು. ನಾನು ಅದನ್ನು ಬಿಟ್ಟು ಬರೆದದ್ದು ತಪ್ಪು. ಸಾಲದ ಮಾತೂ ಸರಿ. ಆದರೆ ನೀವು ಹೇಳುವ ಸಣ್ಣ ನಿರ್ಮಾಪಕರ ಸಿನಿಮಾವನ್ನು ಒಟಿಟಿಯವರು ಸುಲಭಕ್ಕೆ ಕೊಳ್ಳುತ್ತಾರಾ? ಥಿಯೇಟರ್‌ನಲ್ಲಿ ಓಡಿತಾ ಅಂತ ಮೊದಲು ಕೇಳುತ್ತಾರೆ. ಓಡಲು ದಿನ ಬೇಕು. ಒಳ್ಳೆ ಸಿನಿಮಾ ಬಾಯಿಂದ ಬಾಯಿಗೆ ಹೋಗಿ ಜನ ಬರಲು ಹತ್ತು ಹದಿನೈದು ದಿನ ಬೇಕು. ನಾನು ಕಣ್ಣಾರೆ ಕಂಡಿದ್ದೇನೆ. ಮೊದಲ ದಿನ ನಲವತ್ತು ಜನ ಇದ್ದ ಸಿನಿಮಾಗೆ ಎರಡನೇ ಭಾನುವಾರ ಹೌಸ್‌ಫುಲ್ ಬೋರ್ಡ್ ಹಾಕಿದ್ದೇವೆ. ಈಗ ಆ ಎರಡನೇ ಭಾನುವಾರವೇ ಬರುವುದಿಲ್ಲ.

---

ಅಡ್ಯಾರ್ ಕನ್ನಡಿಗ ಉತ್ತರ:

ಚೆನ್ನೈಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಇಲ್ಲಿ ಟಿಕೆಟ್‌ಗೆ ಸರ್ಕಾರದ ಮಿತಿ ಇದೆ. 2017ರಲ್ಲಿ ಮಲ್ಟಿಪ್ಲೆಕ್ಸ್‌ಗೆ ತೆರಿಗೆ ಬಿಟ್ಟು 150 ರೂಪಾಯಿ ಅಂತ ಮಾಡಿದರು. ತೆರಿಗೆ ಸೇರಿ ನಾನು ಸಾಮಾನ್ಯವಾಗಿ 190ರ ಆಸುಪಾಸು ಕೊಡುತ್ತೇನೆ. ಎಷ್ಟೇ ದೊಡ್ಡ ಹೀರೋ ಸಿನಿಮಾ ಆಗಲಿ, ಭಾನುವಾರ ಆಗಲಿ, ಕೌಂಟರ್‌ನಲ್ಲಿ ಅದೇ ರೇಟು. ಮಿತಿ ಹಾಕಿದರೆ ಉದ್ಯಮ ಸಾಯುತ್ತದೆ ಅನ್ನುವವರು ಒಮ್ಮೆ ಇಲ್ಲಿ ಬಂದು ನೋಡಲಿ. ತಮಿಳು ಸಿನಿಮಾ ಸತ್ತಿಲ್ಲ. ಪಾಪ್‌ಕಾರ್ನ್ ದುಬಾರಿ, ಅದು ಒಪ್ಪುತ್ತೇನೆ. ಆದರೆ ಪಾಪ್‌ಕಾರ್ನ್ ಬೇಡ ಅನ್ನಬಹುದು, ಟಿಕೆಟ್ ಬೇಡ ಅನ್ನಲು ಆಗಲ್ಲ.

ಇನ್ನೊಂದು ನೆನಪಿದೆಯಾ? 2022ರ ಸೆಪ್ಟೆಂಬರ್ 23, ರಾಷ್ಟ್ರೀಯ ಸಿನಿಮಾ ದಿನ ಅಂತ ಮಲ್ಟಿಪ್ಲೆಕ್ಸ್‌ನವರೇ 75 ರೂಪಾಯಿಗೆ ಟಿಕೆಟ್ ಕೊಟ್ಟರು. ಒಂದೇ ದಿನ ದೇಶದಲ್ಲಿ 65 ಲಕ್ಷ ಜನ ಬಂದರು ಅಂತ ಅವರ ಸಂಘವೇ ಹೇಳಿತು. ಜನ ಮೊಬೈಲ್ ಹಿಡಿದು ಮನೆಯಲ್ಲೇ ಕೂತುಬಿಟ್ಟಿದ್ದಾರೆ ಅನ್ನುವುದಾದರೆ ಅವತ್ತು ಬಂದವರು ಯಾರು? ಅಕ್ಕ, ನಿಮ್ಮ ವಾದ ಬಿಡಬೇಡಿ.

---

ಮೂರನೇ ಸಾಲು ಉತ್ತರ:

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ತಮ್ಮನಿಗೆ ಇದನ್ನೆಲ್ಲ ಓದಿಸಿದೆ. 75 ಸೀಟಿನ ವಿನಾಯಿತಿ, 236ರ ಲೆಕ್ಕ ಓದಿ ಅವನು ನನ್ನ ಮುಖ ನೋಡಿದ. ಮೆಟ್ಟಿಲಿನ ಮಾತು ಬಂದಾಗ ನಾನು ಅವನ ಮುಖ ನೋಡಿದೆ. ಅವನು, “ಕಾದರೆ ಕಡಿಮೆ ಅಂದಿದ್ದು ತಪ್ಪು. ಈಗ ಹಾಗಿಲ್ಲ” ಅಂತ ಒಪ್ಪಿದ. ಮಿತಿಯ ವಿಚಾರದಲ್ಲಿ ಮಾತ್ರ ಇನ್ನೂ ಬಗ್ಗಿಲ್ಲ. ಚೆನ್ನೈ ಉದಾಹರಣೆ ಈಗ ನನ್ನ ಕೈಯಲ್ಲಿದೆ.

ಕ್ಯಾಬಿನ್ ಕಿಟಕಿ ಸರ್, ನಿಮ್ಮ ಬರಹವನ್ನು ಅತ್ತೆಗೂ ಓದಿ ಹೇಳಿದೆ. ಪ್ರಿಂಟ್ ಮೇಲೆ ಮಳೆ ಬಿದ್ದ ಹಾಗೆ ಕಾಣುತ್ತಿತ್ತು ಅಂದಿರಲ್ಲ, ಅಲ್ಲಿ ನಿಲ್ಲಿಸಿದರು. ಅವರು ಚಿಕ್ಕವರಿದ್ದಾಗ ಟೆಂಟಿನಲ್ಲಿ ಸಿನಿಮಾ ನೋಡುತ್ತಾ, ಕಥೆಯಲ್ಲೇ ಮಳೆ ಬರ್ತಿದೆ ಅಂದುಕೊಂಡಿದ್ದರಂತೆ. ಎಲ್ಲ ಸಿನಿಮಾದಲ್ಲೂ ಯಾಕೆ ಮಳೆ ಅಂತ ಅವರ ಅಪ್ಪನನ್ನು ಕೇಳಿದ್ದರಂತೆ. ಇಷ್ಟು ವರ್ಷಕ್ಕೆ ಉತ್ತರ ಸಿಕ್ಕಿತು ಅಂದರು. ನಮ್ಮ ಮನೆಯಿಂದ ಎರಡು ಬಸ್ ಸ್ಟಾಪ್ ಆಚೆ ಒಂದು ಹಳೇ ಸಿಂಗಲ್ ಸ್ಕ್ರೀನ್ ಇನ್ನೂ ಇದೆ. ಬಾಲ್ಕನಿ 150. ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಯಾವ ದಿನ ಹೋದರೆ ಒಳ್ಳೆಯದು?

---

ಕ್ಯಾಬಿನ್ ಕಿಟಕಿ ಉತ್ತರ:

ಭಾನುವಾರ ಫಸ್ಟ್ ಶೋಗೆ ಹೋಗಿ ತಂಗಿ, ಜನ ಇದ್ದರೆ ಅವರಿಗೆ ಖುಷಿಯಾಗುತ್ತದೆ. ವಾರದ ನಡುವೆ ಹೋಗುವುದಾದರೆ ಮೊದಲು ಟಾಕೀಸಿಗೆ ಫೋನ್ ಮಾಡಿ. ಜನ ತೀರಾ ಕಮ್ಮಿ ಇದ್ದರೆ ಶೋ ಹಾಕದೆ ಇರಬಹುದು. ನೀವು ಐದು ಜನ ಬರ್ತೀವಿ ಅಂತ ಮೊದಲೇ ಹೇಳಿ, ಆಪರೇಟರ್ ಕಾಯುತ್ತಾನೆ. ಬಾಲ್ಕನಿಯಲ್ಲಿ ಹಿಂದಿನಿಂದ ಎರಡನೇ ಸಾಲು, ನಡುವಿನ ಸೀಟು ಕೇಳಿ ತೆಗೆದುಕೊಳ್ಳಿ. ಮೆಟ್ಟಿಲು ಕತ್ತಲಿರುತ್ತದೆ, ಅತ್ತೆಯವರ ಕೈ ಹಿಡಿದು ಕರೆದುಕೊಂಡು ಹೋಗಿ.